ವ್ಯಾಪಾರ ಪತ್ರಗಳಲ್ಲಿ ಅಂಗಾಂಗಗಳ ಇಂಗ್ಲಿಷ್ ನುಡಿಗಟ್ಟುಗಳು

ಪರದೇಶದ ಖರೀದಿದಾರರೊಡನೆ ವ್ಯವಹರಿಸುವ ನಮ್ಮ ಸಣ್ಣ ಉದ್ಯಮಿಗಳಿಗೆ ಇಂಗ್ಲಿಷ್ ಅಪರಿಚಿತವೇನೂ ಅಲ್ಲ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಮುಂತಾದ ದಾಖಲೆಗಳ ಭಾಷೆಯನ್ನು ಅವರು ದಿನನಿತ್ಯ ನಿಭಾಯಿಸುತ್ತಾರೆ. ತೊಡಕು ಉಂಟಾಗುವುದು ಈ ದಾಖಲೆಗಳ ಜೊತೆಯಲ್ಲಿ ಬರುವ ನಾಲ್ಕಾರು ಸಾಲಿನ ಪತ್ರದಲ್ಲಿ ಅಥವಾ ಇ-ಮೇಲ್‌ನಲ್ಲಿ. ಅದನ್ನು ಬರೆಯುವಾತ ತನ್ನ ಮನೆಮಾತಿನ ಸಲಿಗೆಯಿಂದ ಬರೆಯುತ್ತಾನೆ. ಕೈ, ಕಾಲು, ಮೂಗು, ಕಿವಿ ಎಂಬ ಪ್ರಾಥಮಿಕ ಶಾಲೆಯ ಪದಗಳೇ ಅಲ್ಲಿರುತ್ತವೆ. ಆದರೆ ಅವು ಹೇಳುವುದು ದೇಹದ ಸಂಗತಿಯನ್ನಲ್ಲ, ಹಣದ, ಹೊಣೆಯ, ಬದ್ಧತೆಯ ಸಂಗತಿಯನ್ನು. ಈ ಲೇಖನದಲ್ಲಿ ಅಂಥ ಕೆಲವು ನುಡಿಗಟ್ಟುಗಳನ್ನು ವ್ಯಾಪಾರಿಯ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ಪತ್ರ. ಬೆಳಗಾವಿಯ ಒಂದು ಫೌಂಡ್ರಿಗೆ ಬರ್ಮಿಂಗ್‌ಹ್ಯಾಮ್‌ನ ಖರೀದಿದಾರನೊಬ್ಬ ಹೀಗೆ ಬರೆದನೆಂದು ಇಟ್ಟುಕೊಳ್ಳೋಣ. ಪತ್ರ ಕಲ್ಪಿತ, ಅದರಲ್ಲಿನ ನುಡಿಗಟ್ಟುಗಳು ಮಾತ್ರ ದಿನವೂ ಬಳಕೆಯಲ್ಲಿರುವಂಥವು.

“ಪಂಪ್ ಕವಚಗಳ ಮೊದಲ ಕಂತು ತಲುಪಿದೆ. ನಿಮ್ಮ ವಿಳಂಬದಿಂದಾಗಿ ವಿಮಾನದಲ್ಲಿ ತರಿಸಬೇಕಾಯಿತು. ಅದಕ್ಕೆ ‘ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್’ ತಗುಲಿತು. ಹನ್ನೆರಡು ಕವಚಗಳಲ್ಲಿ ಕಂಡ ಬ್ಲೋಹೋಲ್‌ಗಳಿಗೆ ನಾವು ‘ಟರ್ನ್ ಎ ಬ್ಲೈಂಡ್ ಐ’ ಮಾಡಲಾರೆವು. ನಮ್ಮ ಹಣಕಾಸು ನಿರ್ದೇಶಕರಿಗೆ ಎರಡನೆಯ ಕಂತಿನ ಬಗ್ಗೆ ‘ಕೋಲ್ಡ್ ಫೀಟ್’ ಬಂದಿದೆ. ಆದ್ದರಿಂದ ಸದ್ಯಕ್ಕೆ ‘ಪ್ಲೇ ಇಟ್ ಬೈ ಇಯರ್’ ಮಾಡೋಣ. ಮರುತಪಾಸಣೆಗೆ ಯಾರು ‘ಫುಟ್ ದ ಬಿಲ್’ ಮಾಡುತ್ತಾರೆ? ವೈಯಕ್ತಿಕವಾಗಿ ನಿಮಗೆ ‘ಗಿವ್ ಎ ಹ್ಯಾಂಡ್’ ಮಾಡಲು ನಾನು ಸಿದ್ಧ. ಆದರೆ ‘ಮೈ ಹ್ಯಾಂಡ್ಸ್ ಆರ್ ಟೈಡ್’.”

ಒಂದು ತೋಳು ಮತ್ತು ಒಂದು ಕಾಲು ತಗುಲಿತೆಂದರೆ ವಿಪರೀತ ದುಬಾರಿಯಾಯಿತೆಂದು ಅರ್ಥ. ಯಾರಿಗೂ ಅಪಘಾತವಾಗಿಲ್ಲ. ಇದೇ ಅರ್ಥದ ಇನ್ನೊಂದು ಮಾತು ‘ಪೇ ಥ್ರೂ ದ ನೋಸ್’, ಅಂದರೆ ಮೂಗಿನ ಮೂಲಕ ಹಣ ಕೊಡುವುದು. ಇಂಥ ಮಾತು ಕೇವಲ ಗೊಣಗಾಟವೂ ಆಗಿರಬಹುದು, ವಿಮಾನ ಸಾಗಣೆಯ ವೆಚ್ಚದಲ್ಲಿ ಪಾಲು ಕೇಳುವುದಕ್ಕೆ ಪೀಠಿಕೆಯೂ ಆಗಿರಬಹುದು. ವಿಳಂಬದ ಉಲ್ಲೇಖವನ್ನು ಅದರ ಜೊತೆಯಲ್ಲಿಯೇ ಇಟ್ಟಿರುವುದನ್ನು ನೋಡಿದರೆ ಎರಡನೆಯದೇ ಹೆಚ್ಚು ಸಂಭವನೀಯ.

ಕುರುಡುಗಣ್ಣನ್ನು ತಿರುಗಿಸುವುದೆಂದರೆ ತಿಳಿದೂ ಕಾಣದಂತಿರುವುದು. ಬ್ರಿಟನ್ನಿನ ನೌಕಾ ಸೇನಾನಿ ನೆಲ್ಸನ್ 1801ರ ಕೋಪನ್‌ಹೇಗನ್ ಕದನದಲ್ಲಿ ಹಿಂದೆ ಸರಿಯಬೇಕೆಂಬ ಸಂಕೇತವನ್ನು ನೋಡಲೊಲ್ಲದೆ ತನ್ನ ದೃಷ್ಟಿಯಿಲ್ಲದ ಕಣ್ಣಿಗೆ ದೂರದರ್ಶಕ ಹಿಡಿದನೆಂಬ ಕಥೆಯೊಡನೆ ಈ ಮಾತನ್ನು ಸೇರಿಸಿ ಹೇಳುವುದು ವಾಡಿಕೆ. ವ್ಯಾಪಾರ ಪತ್ರದಲ್ಲಿ ಇದು ನಿಷೇಧ ರೂಪದಲ್ಲಿ ಬಂದಾಗ, ಅಂದರೆ ಹಾಗೆ ಮಾಡಲಾರೆವು ಎಂದಾಗ, ಅದನ್ನು ಪರಿಹಾರದ ಕೋರಿಕೆಯ ಮೊದಲ ಹೆಜ್ಜೆಯೆಂದೇ ತಿಳಿಯತಕ್ಕದ್ದು. ಧ್ವನಿ ಎಷ್ಟು ಮೃದುವಾಗಿದ್ದರೂ ಅಷ್ಟೇ.

ಪಾದಗಳು ತಣ್ಣಗಾಗುವುದು ನಮಗೆ ಹೊಸದಲ್ಲ. ಕೈಕಾಲು ತಣ್ಣಗಾಯಿತೆಂದು ನಾವೂ ಹೇಳುತ್ತೇವೆ. ಆದರೆ ನಮ್ಮದು ಹಠಾತ್ ಭಯದ ಮಾತು. ಇಂಗ್ಲಿಷಿನದು ಒಪ್ಪಿಕೊಂಡ ಕೆಲಸದಿಂದ ಕೊನೆಯ ಗಳಿಗೆಯಲ್ಲಿ ಹಿಂಜರಿಯುವ ಮಾತು. ಮೇಲಿನ ಪತ್ರದಲ್ಲಿ ಅದು ಎರಡನೆಯ ಕಂತು ರದ್ದಾಗುವ ಸೂಚನೆ.

ಇಡೀ ಪತ್ರದಲ್ಲಿ ಅತ್ಯಂತ ದುಬಾರಿಯಾಗಬಹುದಾದ ಸಾಲು ಮಾತ್ರ ಅತ್ಯಂತ ನಯವಾಗಿ ಕಾಣುವ ಸಾಲೇ: ‘ಪ್ಲೇ ಇಟ್ ಬೈ ಇಯರ್.’ ಸ್ವರಲಿಪಿಯನ್ನು ಮುಂದಿಟ್ಟುಕೊಳ್ಳದೆ ಕಿವಿಯನ್ನೇ ನಂಬಿ ವಾದ್ಯ ನುಡಿಸುವ ಸಂಗೀತಗಾರನಿಂದ ಈ ಮಾತು ಬಂದಿದೆ. ಸಂದರ್ಭ ಬಂದಂತೆ ನೋಡೋಣ, ಈಗಲೇ ಏನನ್ನೂ ನಿರ್ಧರಿಸುವುದು ಬೇಡ ಎಂಬುದು ತಾತ್ಪರ್ಯ. ಇದು ಆರ್ಡರ್ ಅಲ್ಲ. ಆರ್ಡರಿನ ಭರವಸೆಯೂ ಅಲ್ಲ. ಇದನ್ನು ಮುಂದುವರಿಯಿರಿ ಎಂದು ಅರ್ಥೈಸಿ ಎರಡನೆಯ ಕಂತಿಗಾಗಿ ಪಿಗ್ ಐರನ್ ಮತ್ತು ಸ್ಕ್ರ್ಯಾಪ್ ಖರೀದಿಸಿದವನ ದುಡ್ಡು ಅಂಗಳದಲ್ಲಿ ಬಿದ್ದಿರುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ಓಡುತ್ತಿರುತ್ತದೆ.

‘ಫುಟ್ ದ ಬಿಲ್’ ಎಂಬುದರ ಮೂಲ ನಮ್ಮ ಗುಮಾಸ್ತರಿಗೆ ಸುಲಭವಾಗಿ ಹೊಳೆಯಬೇಕು. ಅಂಕಣದ ಅಂಕಿಗಳನ್ನು ಕೂಡಿಸಿ ಅದರ ಪಾದದಲ್ಲಿ, ಅಂದರೆ ಕೆಳತುದಿಯಲ್ಲಿ, ಮೊತ್ತ ಬರೆಯುವುದೇ ಹಿಂದಿನ ಅರ್ಥ. ಲೆಕ್ಕಪರಿಶೋಧಕರು ಇಂದಿಗೂ ಕೂಡಿಕೆಯ ತಾಳೆಯನ್ನು ‘ಫುಟಿಂಗ್’ ಎನ್ನುತ್ತಾರೆ. ಮುಂದೆ ಆ ಮೊತ್ತವನ್ನು ತೆರುವುದಕ್ಕೇ ಆ ಹೆಸರು ನಿಂತಿತು. ಯಾರು ತೆರುತ್ತಾರೆಂದು ಕೇಳುವವನು ತಾನು ತೆರಲು ಸಿದ್ಧನಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬೇಕು. ಉತ್ತರಿಸದೆ ಬಿಟ್ಟರೆ ನೀವೇ ಕೊಡುವಿರೆಂದು ಆತ ಭಾವಿಸುವ ಸಂಭವವುಂಟು.

ಕಡೆಯದಾಗಿ, ಕೈಗಳು ಕಟ್ಟಿವೆ ಎಂಬ ಮಾತು. ನಮ್ಮಲ್ಲಿ ಕೈಕಟ್ಟಿ ಕೂರುವವನು ಮಾಡಬಹುದಾದ್ದನ್ನು ಮಾಡದೆ ಕುಳಿತವನು. ಇಂಗ್ಲಿಷಿನವನು ಮಾಡಬೇಕೆಂದರೂ ಅಧಿಕಾರವಿಲ್ಲದವನು. ಆದ್ದರಿಂದ ಅವನನ್ನು ಒತ್ತಾಯಿಸಿ ಪ್ರಯೋಜನವಿಲ್ಲ. ನಿರ್ಣಯ ಯಾರದೆಂದು ಕೇಳಿ ಅವರಿಗೇ ಬರೆಯುವುದು ಸೂಕ್ತ. ಇಂಥ ಪತ್ರಕ್ಕೆ ಉತ್ತರಿಸುವಾಗ ನುಡಿಗಟ್ಟಿಗೆ ನುಡಿಗಟ್ಟನ್ನು ಜೋಡಿಸುವ ಉತ್ಸಾಹ ಬೇಡ. ಎರಡನೆಯ ಕಂತಿನ ಆರ್ಡರ್ ಸ್ಥಿರವೇ, ತಡೆಹಿಡಿಯಲಾಗಿದೆಯೇ, ರದ್ದೇ. ಹನ್ನೆರಡು ಕವಚಗಳಿಗೆ ಬದಲಿ ಸರಕು ಬೇಕೇ, ಕ್ರೆಡಿಟ್ ನೋಟ್ ಬೇಕೇ. ತಪಾಸಣೆಯ ವೆಚ್ಚ ಎಷ್ಟು. ನಿರ್ಧರಿಸುವವರು ಯಾರು — ಇವಿಷ್ಟನ್ನು ಸಂಖ್ಯೆ ಹಾಕಿ, ಸರಳ ವಾಕ್ಯಗಳಲ್ಲಿ, ಉತ್ತರದ ದಿನಾಂಕ ಸಹಿತ ಕೇಳಿದರೆ ಸಾಕು.

ಪರಿಚಿತ ಮುಖದ ಅಪಾಯ

ಅಪರಿಚಿತವಾದ ನುಡಿಗಟ್ಟಿನಿಂದ ಆಗುವ ಹಾನಿ ಕಡಿಮೆ ಎಂಬುದು ಈ ಲೇಖಕನ ಅಭಿಪ್ರಾಯ. ಮೂಗಿನಿಂದ ಹಣ ಕೊಟ್ಟೆವು ಎಂಬುದನ್ನು ಓದಿದವನು ಬೆಚ್ಚಿ ನಿಘಂಟನ್ನು ತೆರೆಯುತ್ತಾನೆ. ನಿಜವಾದ ಅಪಾಯವಿರುವುದು ನಮ್ಮ ಮಾತಿನಂತೆಯೇ ಕಾಣುವ ನುಡಿಗಟ್ಟುಗಳಲ್ಲಿ. ಮೂಗು ತೂರಿಸುವುದು, ಬೆನ್ನಿಗೆ ಚೂರಿ ಹಾಕುವುದು, ಕಣ್ಣಿಗೆ ಮಣ್ಣೆರಚುವುದು, ಕಿವಿಗೊಡುವುದು ಮುಂತಾದವು ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ಕೊಡುತ್ತವೆ. ಇವುಗಳಿಂದ ಉಂಟಾಗುವ ಧೈರ್ಯದಲ್ಲಿ ಉಳಿದವನ್ನೂ ಹಾಗೆಯೇ ಓದಿಬಿಡುತ್ತೇವೆ.

‘ಗಿವ್ ಎ ಹ್ಯಾಂಡ್’ ಎಂಬುದನ್ನು ಪದಶಃ ಕನ್ನಡಿಸಿದರೆ ಕೈ ಕೊಡುವುದು. ಕನ್ನಡದಲ್ಲಿ ಮಳೆ ಕೈಕೊಟ್ಟಿತು, ಮೋಟಾರ್ ಕೈಕೊಟ್ಟಿತು, ಪಾಲುದಾರ ಕೈಕೊಟ್ಟ ಎಂದರೆ ನಂಬಿದಾಗ ಕೈಬಿಟ್ಟಿತೆಂದು, ವಂಚಿಸಿದನೆಂದು ಅರ್ಥ. ಇಂಗ್ಲಿಷಿನಲ್ಲಿ ಅದು ನೆರವಾಗುವುದು. ಅರ್ಥಗಳು ಕೇವಲ ಬೇರೆಯಲ್ಲ, ಒಂದಕ್ಕೊಂದು ವಿರುದ್ಧ. ಖರೀದಿದಾರ ಬರೆದದ್ದನ್ನು ತಪ್ಪಾಗಿ ಓದುವುದಕ್ಕಿಂತ ನಾವು ಬರೆಯುವಾಗ ಆಗುವ ಪ್ರಮಾದ ದೊಡ್ಡದು. ಸರಕು ತಡವಾದದ್ದಕ್ಕೆ ಕಾರಣ ಕೊಡುತ್ತ, ಬಣ್ಣ ಹಾಕುವ ಘಟಕದವನು ಕೊನೆಯ ಗಳಿಗೆಯಲ್ಲಿ ನಮಗೆ ‘ಗೇವ್ ಹಿಸ್ ಹ್ಯಾಂಡ್’ ಎಂದು ಬರೆದರೆ, ಓದಿದವನಿಗೆ ಆ ಪುಣ್ಯಾತ್ಮ ಸಹಾಯಕ್ಕೆ ಬಂದನೆಂದು ತೋರುತ್ತದೆ. ಸಹಾಯ ಸಿಕ್ಕಿದ ಮೇಲೂ ತಡವೇಕೆಂದು ಆತ ಕೇಳಿದರೆ ಅವನನ್ನು ದೂರುವಂತಿಲ್ಲ.

ಕಾಲೆಳೆಯುವುದು ಇಂಥದೇ ಇನ್ನೊಂದು. ‘ಪುಲ್ ಸಮ್‌ಒನ್ಸ್ ಲೆಗ್’ ಎಂದರೆ ಸುಳ್ಳೊಂದನ್ನು ನಿಜವೆಂಬಂತೆ ಹೇಳಿ ತಮಾಷೆ ಮಾಡುವುದು, ಅಷ್ಟೆ. ಪತ್ರಿಕೆಗಳ ಕನ್ನಡದಲ್ಲಿ ಈ ಹಾಸ್ಯದ ಅರ್ಥ ಬಳಕೆಗೆ ಬಂದಿದೆಯಾದರೂ ಪೇಟೆಯ ಮಾತಿನಲ್ಲಿ ಕಾಲೆಳೆಯುವುದೆಂದರೆ ಮೇಲೆ ಬರುವವನನ್ನು ಕೆಳಕ್ಕೆ ಎಳೆಯುವುದು. ನಮ್ಮ ಪ್ರತಿಸ್ಪರ್ಧಿಗಳು ನಮ್ಮ ‘ಲೆಗ್’ ಎಳೆಯುತ್ತಿದ್ದಾರೆ ಎಂದು ದೂರಿದರೆ ಪರದೇಶದವನು ಅದನ್ನು ಸ್ನೇಹದ ವಿನೋದವೆಂದು ನಕ್ಕು ಸುಮ್ಮನಾಗುತ್ತಾನೆ. ‘ಡ್ರ್ಯಾಗ್ ಒನ್ಸ್ ಫೀಟ್’ ಎಂಬುದು ಮತ್ತೆ ಬೇರೆ: ತನ್ನ ಪಾದಗಳನ್ನೇ ಎಳೆಯುತ್ತ ನಡೆಯುವುದು, ಅಂದರೆ ಬೇಕೆಂದೇ ನಿಧಾನಿಸುವುದು. ಹಣ ಪಾವತಿಯ ವಿಷಯದಲ್ಲಿ ಈ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಖರೀದಿದಾರ ನಮ್ಮ ದೇಶದವನೇ ಆಗಿದ್ದು ಪೂರೈಕೆದಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಯಾಗಿದ್ದಲ್ಲಿ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರಕೂಡದೆಂದು 2006ರ ಎಂಎಸ್‌ಎಂಇಡಿ ಕಾಯಿದೆ ವಿಧಿಸಿರುವುದು ಇಲ್ಲಿ ಸಾಂದರ್ಭಿಕ.

‘ಹ್ಯಾಂಡ್ ಟು ಮೌತ್’ ಎಂಬುದು ದಿನದ ಗಳಿಕೆ ದಿನಕ್ಕೇ ಸರಿಹೋಗುವ ಬಡತನದ ಮಾತೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಅದು ಸರಿಯೇ. ಆದರೆ ಖರೀದಿ ವಿಭಾಗದ ಪರಿಭಾಷೆಯಲ್ಲಿ ‘ಹ್ಯಾಂಡ್ ಟು ಮೌತ್ ಬೈಯಿಂಗ್’ ಎಂದರೆ ದಾಸ್ತಾನು ಮಾಡದೆ ಆಗಿನ ಅಗತ್ಯಕ್ಕಷ್ಟೇ ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಳ್ಳುವ ಪದ್ಧತಿ. ಬೆಲೆ ಇಳಿಯಬಹುದೆಂಬ ನಿರೀಕ್ಷೆಯಿದ್ದಾಗ ಸಾಕಷ್ಟು ಹಣವಿರುವ ಸಂಸ್ಥೆಗಳೂ ಹೀಗೆ ಕೊಳ್ಳುತ್ತವೆ. ಈ ಮಾತನ್ನು ಓದಿ ಖರೀದಿದಾರ ದಿವಾಳಿಯಾಗುತ್ತಿದ್ದಾನೆಂದು ಹೆದರಬೇಕಾಗಿಲ್ಲ. ದೊಡ್ಡ ಆರ್ಡರ್ ನಿರೀಕ್ಷಿಸಿ ಗೋಡಂಬಿಯನ್ನೋ ಮೆಣಸಿನಕಾಯಿಯನ್ನೋ ಗೋದಾಮಿನಲ್ಲಿ ತುಂಬಿಸಿಕೊಳ್ಳಲೂ ಬಾರದು.

ಕೈಯ ಕುಟುಂಬ

ದುಡಿಮೆಯ ಮಾತುಗಳು ಕೈಯಿಂದ ಹುಟ್ಟುವುದು ಸಹಜ. ನಾವು ಕೈಗಾರಿಕೆ ಎನ್ನುವುದರಲ್ಲಿ ಕೈ ಇದ್ದಂತೆ ಇಂಗ್ಲಿಷಿನ ‘ಮ್ಯಾನ್ಯುಫ್ಯಾಕ್ಚರ್’ ಎಂಬುದರಲ್ಲಿ ಕೈ ಎಂಬರ್ಥದ ಲ್ಯಾಟಿನ್ ಪದವಿದೆ. ಹಿಂದಿನ ಕಾಲದ ವ್ಯಾಪಾರ ಪತ್ರಗಳು ನಿಮ್ಮ ಇಂಥ ತಾರೀಖಿನ ಪತ್ರ ‘ಟು ಹ್ಯಾಂಡ್’ ಎಂದು ಆರಂಭವಾಗುತ್ತಿದ್ದವು. ತಮ್ಮ ಪತ್ರ ಕೈಸೇರಿತು ಎಂಬ ನಮ್ಮ ಒಕ್ಕಣೆಗೆ ಇದಕ್ಕಿಂತ ಹತ್ತಿರದ ನೆಂಟ ಸಿಗಲಾರ.

ಆದರೆ ಈ ಕುಟುಂಬದಲ್ಲಿ ಚಿಕ್ಕ ಪ್ರತ್ಯಯವೊಂದು ಬದಲಾದರೆ ಲೆಕ್ಕವೇ ಬದಲಾಗುತ್ತದೆ. ‘ಇನ್ ಹ್ಯಾಂಡ್’ ಎಂದರೆ ಕೈಯಲ್ಲಿರುವ, ಹತೋಟಿಯಲ್ಲಿರುವ. ನಗದು, ದಾಸ್ತಾನುಗಳ ವಿಷಯದಲ್ಲಿ ಇದನ್ನು ನಾವು ಬಲ್ಲೆವು. ‘ಆನ್ ಹ್ಯಾಂಡ್’ ಎಂದರೆ ಬೇಕೆಂದಾಗ ಸಿಗುವಂತಿರುವ. ‘ಆನ್ ಅವರ್ ಹ್ಯಾಂಡ್ಸ್’ ಎಂದು ಬಹುವಚನಕ್ಕೆ ಹೋದ ಕೂಡಲೆ ಅದು ಬೇಡವಾದ ಹೊರೆ, ಮಾರಾಟವಾಗದೆ ಕುತ್ತಿಗೆಗೆ ಬಿದ್ದ ಸರಕು. ‘ಆಫ್ ಅವರ್ ಹ್ಯಾಂಡ್ಸ್’ ಎಂದರೆ ಆ ಹೊರೆ ಕಳಚಿತು. ‘ಔಟ್ ಆಫ್ ಹ್ಯಾಂಡ್’ ಎಂಬುದಕ್ಕೆ ಎರಡು ಅರ್ಥಗಳುಂಟು. ವೆಚ್ಚ ಹಾಗಾಯಿತೆಂದರೆ ಕೈಮೀರಿತು. ನಿಮ್ಮ ಪ್ರಸ್ತಾವವನ್ನು ಹಾಗೆ ತಿರಸ್ಕರಿಸಿದರೆಂದರೆ ಓದುವ ಗೋಜಿಗೂ ಹೋಗದೆ ತಳ್ಳಿಹಾಕಿದರು. ಎರಡನೆಯದನ್ನು ಮೊದಲನೆಯದಾಗಿ ಓದಿ, ನಮ್ಮ ಕೊಟೇಶನ್ ಅವರ ಕೈಮೀರಿದ್ದರಿಂದ ಬಿಟ್ಟರು, ಬೆಲೆ ಇಳಿಸಿದರೆ ಒಪ್ಪುತ್ತಾರೆ ಎಂದು ಲೆಕ್ಕ ಹಾಕಿದರೆ ಅನ್ಯಾಯವಾಗಿ ಬೆಲೆ ಇಳಿಸಿದಂತಾಗುತ್ತದೆ.

‘ಹ್ಯಾಂಡ್’ ಎಂದರೆ ಕೆಲಸಗಾರ ಎಂಬ ಅರ್ಥವೂ ಇದೆ. ‘ಶಾರ್ಟ್ ಹ್ಯಾಂಡೆಡ್’ ಎಂದರೆ ಆಳುಗಳ ಕೊರತೆ. ‘ಓಲ್ಡ್ ಹ್ಯಾಂಡ್’ ಎಂದರೆ ವಯಸ್ಸಾದವನಲ್ಲ, ಪಳಗಿದವನು. ಆದರೆ ಕೈಕೆಳಗಿನ ನೌಕರ ಎಂಬುದನ್ನು ‘ಅಂಡರ್‌ಹ್ಯಾಂಡ್’ ಎಂದು ಅನುವಾದಿಸುವಂತಿಲ್ಲ, ಏಕೆಂದರೆ ಅದು ಒಳಗಿಂದೊಳಗೆ ಮೋಸ ಮಾಡುವ ರೀತಿ. ‘ಹ್ಯಾಂಡ್ ಇನ್ ಗ್ಲವ್’ ಎಂಬುದು ಕೈಗೂ ಕೈಚೀಲಕ್ಕೂ ಇರುವ ಅನ್ಯೋನ್ಯತೆಯನ್ನು ಹೇಳಿದರೂ ವಕೀಲರ ನೋಟಿಸಿನಲ್ಲಿ ಬಂದಾಗ ಒಳಸಂಚೆಂಬ ಆರೋಪ. ‘ಹ್ಯಾಂಡ್ ಓವರ್ ಫಿಸ್ಟ್’ ಎಂಬ ಹಡಗಿನವರ ಮಾತು ಹಗ್ಗವನ್ನು ಒಂದು ಕೈಯ ಮುಂದೆ ಇನ್ನೊಂದು ಕೈ ಇಟ್ಟು ಸರಸರನೆ ಎಳೆಯುವುದರಿಂದ ಬಂದದ್ದು. ಹಣ ಹಾಗೆ ಬರುತ್ತಿದೆ ಎನ್ನುವಂತೆ ಹಾಗೆ ಹೋಗುತ್ತಿದೆ ಎಂದೂ ಹೇಳುತ್ತಾರೆ, ಆದ್ದರಿಂದ ವಾಕ್ಯದ ಕ್ರಿಯಾಪದವನ್ನು ನೋಡದೆ ಹಿಗ್ಗಬಾರದು. 1776ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ್ಯಡಂ ಸ್ಮಿತ್ ಬಳಸಿದ ‘ಇನ್‌ವಿಸಿಬಲ್ ಹ್ಯಾಂಡ್’, ಅಂದರೆ ಅಗೋಚರ ಹಸ್ತ, ಅರ್ಥಶಾಸ್ತ್ರದ ಭಾಷಣಗಳಲ್ಲಿ ಇಂದಿಗೂ ಕೈ ಬೀಸುತ್ತಲೇ ಇದೆ.

ಅಳತೆಗಳಲ್ಲಿಯೂ ಇದೇ ದೇಹ. ನಮ್ಮ ಹೂವಿನವರು ಮೊಳದಲ್ಲಿ ಅಳೆಯುವಂತೆ ಇಂಗ್ಲೆಂಡಿನ ಬಟ್ಟೆ ವ್ಯಾಪಾರಿಗಳು ‘ಎಲ್’ ಎಂಬ ಅಳತೆ ಇಟ್ಟುಕೊಂಡಿದ್ದರು. ಮೊಣಕೈಗೆ ‘ಎಲ್ಬೋ’ ಎಂಬ ಹೆಸರು ಬಂದದ್ದು ಅದೇ ಪದದಿಂದ. ಅಡಿ ಎಂಬುದು ಎರಡೂ ಕಡೆ ಪಾದವೇ. ನಮ್ಮ ಮಾರು ಅವರ ‘ಫ್ಯಾದಮ್’, ಎರಡು ತೋಳು ಚಾಚಿದಷ್ಟು, ಆರು ಅಡಿ. ಆಳ ಅಳೆಯುವ ಈ ಪದವೇ ಕ್ರಿಯಾಪದವಾಗಿ, ಕಷ್ಟಪಟ್ಟು ಅರ್ಥಮಾಡಿಕೊಳ್ಳುವುದು ಎಂಬುದನ್ನು ಸೂಚಿಸುತ್ತದೆ. ‘ರೂಲ್ ಆಫ್ ಥಂಬ್’ ಎಂದರೆ ಅನುಭವದ ಮೇಲೆ ನಿಂತ ಸ್ಥೂಲ ಲೆಕ್ಕ. ನಮ್ಮ ಎಂಜಿನಿಯರುಗಳು ಇದನ್ನು ‘ಥಂಬ್ ರೂಲ್’ ಎಂದು ತಿರುಗಿಸಿ ಹೇಳುತ್ತಾರೆ, ಅರ್ಥವಾಗದೆ ಇರದು. ಹೆಂಡತಿಯನ್ನು ಹೊಡೆಯುವ ಕೋಲಿನ ದಪ್ಪವನ್ನು ಹೆಬ್ಬೆರಳಿಗೆ ಮಿತಿಗೊಳಿಸಿದ ಕಾನೂನಿನಿಂದ ಈ ಮಾತು ಬಂತೆಂಬ ಕಥೆಗೆ ಆಧಾರವಿಲ್ಲ. ತೋಳು–ಕಾಲಿನ ಮಾತಿಗೂ ಚಿತ್ರಕಾರರು ಅಂಗಕ್ಕಿಷ್ಟೆಂದು ಶುಲ್ಕ ಪಡೆಯುತ್ತಿದ್ದರೆಂಬ ಕಥೆ ಮೊಬೈಲ್‌ಗಳಲ್ಲಿ ಹರಿದಾಡುತ್ತದೆ. ಅದಕ್ಕೂ ಅಷ್ಟೇ ಬೆಲೆ ಕೊಡಬೇಕು.

ಕಾನೂನು ಮತ್ತು ಬ್ಯಾಂಕಿನ ಬಾಗಿಲಲ್ಲಿ

ಕೆಲವು ನುಡಿಗಟ್ಟುಗಳು ಹರಟೆಯ ಮಟ್ಟದಿಂದ ಏರಿ ಕಾಯಿದೆಯ ಪದಗಳಾಗಿವೆ. ಇವುಗಳನ್ನು ತಪ್ಪಾಗಿ ಓದಿದರೆ ಕ್ಷಮೆ ಕೇಳಿ ಮುಗಿಸಲಾಗದು.

‘ಆರ್ಮ್ಸ್ ಲೆಂಗ್ತ್’ ಎಂಬುದು ಇವುಗಳಲ್ಲಿ ಮುಖ್ಯವಾದದ್ದು. ಮಾತಿನಲ್ಲಿ ಯಾರನ್ನಾದರೂ ತೋಳಳತೆಯಲ್ಲಿ ಇಡುವುದೆಂದರೆ ಹತ್ತಿರ ಬಿಟ್ಟುಕೊಳ್ಳದಿರುವುದು, ಅದರಲ್ಲೊಂದಿಷ್ಟು ಅಸಮಾಧಾನವೂ ಸೇರಿರುತ್ತದೆ. ಕಾನೂನಿನಲ್ಲಿ ಅದೇ ಮಾತು ಪ್ರಾಮಾಣಿಕತೆಯ ಅಳತೆಗೋಲು. 2013ರ ಕಂಪೆನಿ ಕಾಯಿದೆಯ 188ನೆಯ ಕಲಮಿನ ಪ್ರಕಾರ, ಸಂಬಂಧವುಳ್ಳ ಇಬ್ಬರು ತಮಗೆ ಸಂಬಂಧವೇ ಇಲ್ಲವೆಂಬಂತೆ, ಹಿತಾಸಕ್ತಿಗಳ ಘರ್ಷಣೆಯಿಲ್ಲದೆ ನಡೆಸುವ ವ್ಯವಹಾರ ಇದು. ತಂದೆಯ ಹೆಸರಿನ ಕಂಪೆನಿ ಮಗನ ಕಂಪೆನಿಗೆ ಸರಕು ಮಾರುವಾಗ ಹೊರಗಿನವನಿಗೆ ಹಾಕುವ ಬೆಲೆಯನ್ನೇ ಹಾಕಿತೇ ಎಂಬುದು ಪ್ರಶ್ನೆ. ಆದಾಯ ತೆರಿಗೆಯಲ್ಲಿ ಅಂತರರಾಷ್ಟ್ರೀಯ ವರ್ಗಾವಣೆ ಬೆಲೆಯ ವಿಸ್ತೃತ ನಿಯಮಗಳು 2001ರ ಹಣಕಾಸು ಕಾಯಿದೆಯ ಮೂಲಕ ಬಂದಂದಿನಿಂದ ಈ ತೋಳಳತೆಯ ಬೆಲೆ ಲೆಕ್ಕಪರಿಶೋಧಕರ ನಿತ್ಯದ ಮಾತಾಗಿದೆ. ಪತ್ರದಲ್ಲಿ ಇದನ್ನು ಕಂಡು, ನಮ್ಮನ್ನು ದೂರವಿಡುತ್ತಿದ್ದಾರೆಂದು ನೊಂದುಕೊಳ್ಳಬೇಕಾಗಿಲ್ಲ.

ಸಭೆಗಳಲ್ಲಿ ‘ಷೋ ಆಫ್ ಹ್ಯಾಂಡ್ಸ್’ ಎಂದರೆ ಕೈಯೆತ್ತಿ ಮತ ಸೂಚಿಸುವುದು, ಅದೇ ಕಾಯಿದೆಯ 107ನೆಯ ಕಲಮಿನ ವಿಷಯ. ಇಲ್ಲಿ ಒಬ್ಬ ಸದಸ್ಯನಿಗೆ ಒಂದು ಕೈ. ಷೇರುಗಳ ಸಂಖ್ಯೆಗೆ ಬೆಲೆ ಸಿಗುವುದು ಮತಪತ್ರದ ಮೂಲಕ ಮತದಾನವಾದಾಗ. ಕನ್ನಡದಲ್ಲಿ ಕೈಯೆತ್ತುವುದೆಂದರೆ ಸೋಲೊಪ್ಪಿ ಹೊಣೆ ಬಿಡುವುದೂ ಹೌದೆಂಬುದನ್ನು ಬಲ್ಲ ಹಳಬರು ಈ ಬಗ್ಗೆ ನಗೆಯಾಡುವುದುಂಟು.

ರಫ್ತುದಾರರಿಗೆ ಇನ್ನೂ ಹತ್ತಿರದ ಮಾತು ‘ಆನ್ ದೇರ್ ಫೇಸ್.’ ಲೆಟರ್ ಆಫ್ ಕ್ರೆಡಿಟ್‌ಗಳಿಗೆ ಅನ್ವಯವಾಗುವ ಯುಸಿಪಿ 600 ನಿಯಮಾವಳಿ 2007ರ ಜುಲೈ 1ರಿಂದ ಬಳಕೆಯಲ್ಲಿದೆ. ಬ್ಯಾಂಕು ದಾಖಲೆಗಳನ್ನು ಅವುಗಳ ‘ಫೇಸ್’ ಮೇಲಿಂದಲೇ ಪರಿಶೀಲಿಸತಕ್ಕದ್ದೆಂದು ಅದರ 14ನೆಯ ವಿಧಿ ಹೇಳುತ್ತದೆ. ಇಲ್ಲಿ ಮುಖವೆಂದರೆ ಕಾಗದದ ಮುಂಬದಿಯಲ್ಲ. ದಾಖಲೆಯನ್ನಷ್ಟೇ ನೋಡಬೇಕು, ಅದರ ಹಿಂದಿರುವ ಸರಕನ್ನಲ್ಲ ಎಂಬುದು ಆಶಯ. ಸರಕು ಉತ್ಕೃಷ್ಟವಾಗಿದ್ದರೂ ಇನ್‌ವಾಯ್ಸಿನ ವಿವರಣೆ ಕ್ರೆಡಿಟ್‌ನ ವಿವರಣೆಗೆ ಹೊಂದದಿದ್ದರೆ ಬ್ಯಾಂಕು ಹಣ ತಡೆಯುತ್ತದೆ. ನಮ್ಮ ಅಗರಬತ್ತಿಯ ಪರಿಮಳ ಹೇಗಿದೆಯೆಂದು ಅದು ಮೂಸಿ ನೋಡುವುದಿಲ್ಲ. ಷೇರಿನ ‘ಫೇಸ್ ವ್ಯಾಲ್ಯೂ’ ನಮ್ಮಲ್ಲಿ ಮುಖಬೆಲೆಯಾಗಿ ಚೆನ್ನಾಗಿಯೇ ನೆಲೆಸಿದೆ. ಮಾತೊಂದನ್ನು ಮುಖಬೆಲೆಗೆ ತೆಗೆದುಕೊಳ್ಳುವುದೆಂದರೆ ಪರೀಕ್ಷಿಸದೆ ನಂಬುವುದು.

ಕೂದಲಿಗೆ ಬಂದರೆ ‘ಹೇರ್‌ಕಟ್.’ ನಮ್ಮಲ್ಲಿ ನುಣ್ಣಗೆ ತಲೆ ಬೋಳಿಸಿದನೆಂದರೆ ಮೋಸ ಮಾಡಿದನು. ಬ್ಯಾಂಕಿನವರ ‘ಹೇರ್‌ಕಟ್’ನಲ್ಲಿ ಮೋಸದ ಸೂಚನೆ ಇಲ್ಲ, ನೋವು ಮಾತ್ರ ಉಂಟು. ಅದಕ್ಕೆ ಎರಡು ಅರ್ಥ. ಆಧಾರವಾಗಿ ಇಟ್ಟ ಆಸ್ತಿಯ ಬೆಲೆಯಲ್ಲಿ ಮುನ್ನೆಚ್ಚರಿಕೆಗಾಗಿ ಕಳೆಯುವ ಭಾಗ ಒಂದು: 10 ಲಕ್ಷ ರೂಪಾಯಿಯ ಬಾಂಡುಗಳಿಗೆ ಶೇ. 20ರಷ್ಟು ಕತ್ತರಿ ಹಾಕಿದರೆ ಅವನ್ನು 8 ಲಕ್ಷದ ಆಧಾರವೆಂದು ಎಣಿಸುತ್ತಾರೆ. ಬರಬೇಕಾದ ಬಾಕಿಯಲ್ಲಿ ಬಿಟ್ಟುಕೊಡುವ ಭಾಗ ಇನ್ನೊಂದು. 2016ರ ದಿವಾಳಿ ಸಂಹಿತೆಯ ನಂತರ ಈ ಎರಡನೆಯ ಅರ್ಥ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ಆಧಾರ ಪಡೆದು ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲುವವರು ಸರಕು ಒದಗಿಸಿದ ಪೂರೈಕೆದಾರರೇ ಆಗಿರುವುದರಿಂದ, ದೊಡ್ಡ ಗಿರಾಕಿಯೊಬ್ಬರ ಪತ್ರದಲ್ಲಿ ಈ ಪದ ಕಂಡರೆ ಅಂದೇ ವಕೀಲರನ್ನು ಕಾಣುವುದು ಮೇಲು. ಬ್ಯಾಂಕ್ ಮ್ಯಾನೇಜರರ ಇನ್ನೊಂದು ಮಾತು ‘ಸ್ಕಿನ್ ಇನ್ ದ ಗೇಮ್.’ ಪ್ರವರ್ತಕನ ಚರ್ಮ ಆಟದಲ್ಲಿದೆಯೇ ಎಂದರೆ ಯೋಜನೆಯಲ್ಲಿ ಅವನ ಸ್ವಂತ ಹಣವೆಷ್ಟು ಎಂದು ಕೇಳಿದಂತೆ.

ಷೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯ ನಾಟಕದಿಂದ ಬಂದ ‘ಪೌಂಡ್ ಆಫ್ ಫ್ಲೆಷ್’ ಎಂಬುದನ್ನು ವ್ಯಾಪಾರಿಗಳು ತಿಳಿದಿರಲೇಬೇಕು. ಮೂರು ಸಾವಿರ ಡಕೆಟ್ ಸಾಲ, ಮೂರು ತಿಂಗಳ ಗಡುವು, ತಪ್ಪಿದರೆ ಸಾಲಗಾರನ ದೇಹದಿಂದ ಒಂದು ಪೌಂಡ್ ಮಾಂಸ. ಖರೀದಿದಾರ ತನ್ನ ‘ಪೌಂಡ್ ಆಫ್ ಫ್ಲೆಷ್’ ಕೇಳುತ್ತಿದ್ದಾನೆಂದರೆ ಕರಾರಿನ ಅಕ್ಷರ ಹಿಡಿದು ದಯೆಯಿಲ್ಲದೆ ದಂಡ ವಸೂಲಿಗೆ ನಿಂತಿದ್ದಾನೆ ಎಂದರ್ಥ. ಗಮನಿಸಬೇಕಾದದ್ದು, ಕರಾರಿನಲ್ಲಿ ಬರೆದ ದಂಡ ಪೂರ್ತಿಯಾಗಿ ಸಿಕ್ಕೇ ತೀರುತ್ತದೆಂದು ನಮ್ಮ ಕಾನೂನು ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನಂತೆ ಸಿಗುವುದು ನಮೂದಿಸಿದ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರ. ಕರಾರಿಗೆ ಬೇರೆ ದೇಶದ ಕಾನೂನು ಅನ್ವಯಿಸುವುದಾದರೆ ಸಂಗತಿ ಬೇರೆ. ಆ ಕಲಮನ್ನು ಸಹಿಗೆ ಮುಂಚೆಯೇ ನೋಡಿರಬೇಕು.

ಉಳಿದ ಕೆಲವು

ತಲೆಯ ನುಡಿಗಟ್ಟುಗಳಲ್ಲಿ ಇ-ಮೇಲ್‌ಗಳಲ್ಲಿ ಸದಾ ಬರುವುದು ‘ಹೆಡ್ಸ್ ಅಪ್.’ ಇದು ತಲೆಯೆತ್ತಿ ಮೆರೆಯುವುದಲ್ಲ, ಮುನ್ಸೂಚನೆ. ಮುಂದಿನ ತಿಂಗಳು ಪ್ಲಾಸ್ಟಿಕ್ ದಾಣಿಯ ಬೆಲೆ ಏರಲಿದೆಯೆಂದು ಪೂರೈಕೆದಾರ ‘ಹೆಡ್ಸ್ ಅಪ್’ ಕೊಟ್ಟರೆ ಅದು ಸ್ನೇಹಪೂರ್ವಕ ಎಚ್ಚರಿಕೆಯೇ ಹೊರತು ಕರಾರಿನ ಪ್ರಕಾರ ಕೊಡಬೇಕಾದ ಬೆಲೆ ಪರಿಷ್ಕರಣೆಯ ನೋಟಿಸ್ ಅಲ್ಲ. ‘ಹೆಡ್ ಅಬೋವ್ ವಾಟರ್’ ಎಂದರೆ ಹೇಗೋ ಮುಳುಗದೆ ವ್ಯವಹಾರ ನಡೆಸುವುದು. ‘ಷಾಟ್ ಇನ್ ದ ಆರ್ಮ್’ ಎಂಬುದರಲ್ಲಿ ಗುಂಡೇಟಿಲ್ಲ. ತೋಳಿಗೆ ಕೊಟ್ಟ ಚುಚ್ಚುಮದ್ದಿನಿಂದ ಬಂದ ಚೈತನ್ಯ, ಅಂದರೆ ಒಳ್ಳೆಯ ಸುದ್ದಿ. ಅದೇ ‘ಅಪ್ ಇನ್ ಆರ್ಮ್ಸ್’ ಎಂದರೆ ತೋಳೇ ಅಲ್ಲ, ಆಯುಧ, ಸಿಟ್ಟಿಗೆದ್ದಿದ್ದಾರೆಂದು ಅರ್ಥ. ‘ಸೀ ಐ ಟು ಐ’ ಎಂದರೆ ಏಕಾಭಿಪ್ರಾಯ. ಸಾಗಣೆ ವೆಚ್ಚದ ಬಗ್ಗೆ ಹಾಗಿಲ್ಲವೆಂದು ಬರೆದರೆ, ಮುಖಾಮುಖಿ ಭೇಟಿಯಾಗಿಲ್ಲವೆಂದಲ್ಲ, ಒಪ್ಪಿಗೆಯಿಲ್ಲವೆಂದು. ಹಲ್ಲಿನ ಚರ್ಮದಷ್ಟರಿಂದ ಪಾರಾಗುವುದು, ‘ಬೈ ದ ಸ್ಕಿನ್ ಆಫ್ ಒನ್ಸ್ ಟೀತ್’, ಬೈಬಲ್ಲಿನ ಯೋಬನ ಗ್ರಂಥದಿಂದ ಬಂದದ್ದು, ಕೂದಲೆಳೆಯಲ್ಲಿ ಪಾರಾದೆ ಎಂಬ ನಮ್ಮ ಮಾತಿಗೆ ಸಮಾನ. ‘ವರ್ಡ್ ಆಫ್ ಮೌತ್’ ಎಂದರೆ ಬಾಯಿಂದ ಬಾಯಿಗೆ ಹರಡುವ ಶಿಫಾರಸು ಎಂಬುದು ಮಾರುಕಟ್ಟೆಯವರ ರೂಢಿ; ನಮ್ಮ ಬಾಯಿಮಾತಿನ ಕರಾರನ್ನು ಹೇಳಬೇಕಾದಲ್ಲಿ ‘ಓರಲ್’ ಎಂಬ ಪದವೇ ಇರಲಿ.

ಇಂಗ್ಲಿಷಿನವರೆಲ್ಲ ಒಂದೇ ರೀತಿ ಮಾತಾಡುತ್ತಾರೆಂಬ ನಂಬಿಕೆಯೂ ಸಲ್ಲದು. ಅಮೆರಿಕದವನು ಅಂದಾಜು ‘ಆನ್ ದ ನೋಸ್’ ಎಂದರೆ ಕರಾರುವಾಕ್ಕಾಗಿದೆ ಎಂದು ಹೊಗಳಿದಂತೆ. ಆಸ್ಟ್ರೇಲಿಯಾದಲ್ಲಿ ಅದೇ ಮಾತು ನಾರುತ್ತಿದೆ, ಸರಿಯಿಲ್ಲ ಎಂಬುದಕ್ಕೂ ಬಳಕೆಯಾಗುತ್ತದೆ. ಪತ್ರ ಎಲ್ಲಿಂದ ಬಂತೆಂದು ನೋಡಿ ಅರ್ಥ ಮಾಡಬೇಕು.

ನಾವು ಬರೆಯುವಾಗ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರ ಪತ್ರಗಳಲ್ಲಿ ನಮ್ಮ ಅಂಗಾಂಗಗಳೂ ದಾಟಿ ಹೋಗುತ್ತವೆ. ಕೈಗಡವನ್ನು ‘ಹ್ಯಾಂಡ್ ಲೋನ್’ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ದೇಶದೊಳಗೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಲಂಡನ್ನಿನ ಪಾಲುದಾರನಿಗೆ ಕಳುಹಿಸುವ ತಃಖ್ತೆಯಲ್ಲಿ ಅದನ್ನು ಭದ್ರತೆಯಿಲ್ಲದ ಅಲ್ಪಾವಧಿ ವೈಯಕ್ತಿಕ ಸಾಲವೆಂದೇ ವಿವರಿಸಬೇಕು. ಕೈ ಬಿಗಿಯಾಗಿದೆ ಎಂಬುದನ್ನು ‘ಟೈಟ್ ಹ್ಯಾಂಡ್’ ಎಂದರೆ ಹಣದ ಅಡಚಣೆಯ ಬದಲು ಜಿಪುಣತನದ ಅರ್ಥ ಬರುವ ಸಂಭವ ಹೆಚ್ಚು. ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬ ನಮ್ಮ ಕಳಕಳಿ ಇಂಗ್ಲಿಷಿನಲ್ಲಿ ನಿಜವಾದ ಹೊಡೆತವಾಗುತ್ತದೆ. ಆರ್ಡರ್ ರದ್ದಾದರೆ ಇಷ್ಟು ಜನ ಕೆಲಸಗಾರರ ಜೀವನೋಪಾಯಕ್ಕೆ ಧಕ್ಕೆಯೆಂದು ಸಂಖ್ಯೆ ಸಮೇತ ಬರೆದರೆ ಓದುವವನಿಗೆ ತಟ್ಟುತ್ತದೆ. ನಮ್ಮ ಕೈ ಬಿಡಬೇಡಿ ಎಂಬುದರ ಸ್ಥಾನದಲ್ಲಿ, ಎರಡನೆಯ ಕಂತನ್ನು ಈ ತಾರೀಖಿನವರೆಗೆ ರದ್ದುಪಡಿಸದಿರಿ, ಅಷ್ಟರೊಳಗೆ ಬದಲಿ ಕವಚಗಳನ್ನು ಕಳುಹಿಸುತ್ತೇವೆ ಎಂದು ಬರೆಯಬಹುದು. ಕರಾರು ಪತ್ರ, ಪರ್ಚೇಸ್ ಆರ್ಡರ್, ವಿಮೆಯ ಕ್ಲೇಮು ಈ ಮೂರರಲ್ಲಿ ಯಾವ ಭಾಷೆಯ ನುಡಿಗಟ್ಟೂ ಬೇಡ. ಅಲ್ಲಿ ಕಿಲೋಗ್ರಾಂ, ರೂಪಾಯಿ, ಡಾಲರ್, ತಾರೀಖುಗಳಷ್ಟೇ ಇರಲಿ. ‘ಹ್ಯಾಂಡ್’ ಎಂಬ ಪದ ಬರುವುದಾದರೆ ಸಹಿ ಮಾಡುವ ಸ್ಥಳದಲ್ಲಿ ಬರಲಿ.